ಬೆಂದರೂ ಗಟ್ಟಿಯಾಗದ ಕೇಕ್

ಕೇಕ್ ಬೆಂದಿದೆಯಾ ಅಂತ ನೋಡಲು ನಡುವಿಗೆ ಕಡ್ಡಿ ಚುಚ್ಚುತ್ತೇವೆ. ಕಡ್ಡಿಗೆ ಏನೂ ಅಂಟದೆ ಬಂದರೆ ಓವನ್ ಆರಿಸುತ್ತೇವೆ. ಅಮೆರಿಕದ ಸೇಂಟ್ ಲೂಯಿಸ್ ಊರಿನ ಗೂಯಿ (ಅಂದರೆ ಅಂಟಂಟಾದ) ಬಟರ್ ಕೇಕಿಗೆ ಮಾತ್ರ ಈ ಪರೀಕ್ಷೆ ನಡೆಯುವುದಿಲ್ಲ. ಇಲ್ಲಿ ಕಡ್ಡಿ ಒಣಗಿ ಬಂತೆಂದರೆ ಹದ ಮೀರಿತು ಅಂತಲೇ ಲೆಕ್ಕ. ಅಂಚು ಹೊಂಬಣ್ಣಕ್ಕೆ ತಿರುಗಿರಬೇಕು. ಟ್ರೇ ಮೆಲ್ಲಗೆ ಅಲ್ಲಾಡಿಸಿದರೆ ನಡುಭಾಗ ಇನ್ನೂ ತುಸು ಅಲುಗಬೇಕು. ಆಗಲೇ ಹೊರಗೆ ತೆಗೆಯಬೇಕು.

ಮೊದಲ ಸಲ ಮಾಡುವವರು ಇಲ್ಲೇ ಹೆದರುತ್ತಾರೆ. ಒಳಗೆ ಮೊಟ್ಟೆ ಹಸಿಯಾಗಿಯೇ ಉಳಿದಿದ್ದರೆ ಏನು ಗತಿ ಅಂತ ಇನ್ನೊಂದು ಕಾಲು ಗಂಟೆ ಒಳಗೇ ಬಿಡುತ್ತಾರೆ. ಆಗ ಸಿಗುವುದು ಒಣಗಿದ ಸಿಹಿ ಬಿಸ್ಕತ್ತು. ನಿಜ ಏನೆಂದರೆ, ಸರಿಯಾಗಿ ಮಾಡಿದ ಈ ಕೇಕಿನ ಅಂಟುತನಕ್ಕೂ ಹಸಿತನಕ್ಕೂ ಸಂಬಂಧವಿಲ್ಲ. ಅದು ಬೆಂದಿರುತ್ತದೆ. ಬೆಂದರೂ ಗಟ್ಟಿಯಾಗದಂತೆ ಸಕ್ಕರೆ ಅದನ್ನು ತಡೆದಿರುತ್ತದೆ.

ಮೊದಲು ಊರಿನ ಕಥೆ. ಸೇಂಟ್ ಲೂಯಿಸ್ ಮಿಸೌರಿ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿದೆ. 19ನೇ ಶತಮಾನದಲ್ಲಿ ಜರ್ಮನಿಯಿಂದ ಬಂದವರು ಅಲ್ಲಿ ದೊಡ್ಡ ಸಂಖ್ಯೆಯಲ್ಲಿ ನೆಲೆಸಿದರು. ಅವರ ಬೇಕರಿಗಳಲ್ಲಿ ಬೆಣ್ಣೆ ಹಾಕಿದ ಕಾಫಿ ಕೇಕುಗಳು, ಅಂದರೆ ಕಾಫಿ ಜೊತೆ ತಿನ್ನುವ ಕೇಕುಗಳು, ಮಾಮೂಲಿ. 1930ರ ದಶಕದಲ್ಲಿ, ಆರ್ಥಿಕ ಕುಸಿತದ ದಿನಗಳಲ್ಲಿ, ಅಂಥ ಒಂದು ಬೇಕರಿಯಲ್ಲಿ ಯಾರೋ ಅಳತೆ ತಪ್ಪಿಸಿ ಬೆಣ್ಣೆ ಜಾಸ್ತಿ ಹಾಕಿದರು, ಬಿಸಾಡಲು ಮನಸ್ಸಾಗದೆ ಮಾರಿದರು, ಜನ ಮುಗಿಬಿದ್ದು ಕೊಂಡರು ಅಂತ ಕಥೆ. ತಪ್ಪು ನಡೆದದ್ದು ನಮ್ಮ ಬೇಕರಿಯಲ್ಲೇ ಅಂತ ಹೇಳಿಕೊಳ್ಳುವವರು ಒಬ್ಬಿಬ್ಬರಲ್ಲ. ಯಾರದು ನಿಜವೋ, ಆ ಬೇಕರಿಗಳ ಕೇಕಿಗೆ ಕೆಳಗೆ ಯೀಸ್ಟ್ ಹಾಕಿ ಹುದುಗಿಸಿದ ಹಿಟ್ಟಿನ ಪದರ ಇರುತ್ತಿತ್ತು. ಮೇಲೆ ಬೆಣ್ಣೆ, ಸಕ್ಕರೆ, ಮೊಟ್ಟೆಯ ಅಂಟು ಪದರ. ಮನೆಯಲ್ಲಿ ಮಾಡುವವರು ಹುದುಗಿಸುವ ರಗಳೆ ಬಿಟ್ಟು ಕೆಳಗಿನ ಪದರಕ್ಕೆ ಡಬ್ಬಿಯ ಕೇಕ್ ಮಿಕ್ಸ್ ಹಾಕಿದರು. ಇವತ್ತು ಅಮೆರಿಕದ ಮನೆಗಳಲ್ಲಿ ಚೌಕ ತುಂಡುಗಳಾಗಿ ಕತ್ತರಿಸಿ ಕೊಡುವ ಗೂಯಿ ಬಟರ್ ಬಾರ್ ಹೆಚ್ಚಾಗಿ ಈ ಬಗೆಯದ್ದು.

ಅದರ ಅಳತೆ ಹೀಗೆ. ಕೆಳಪದರಕ್ಕೆ ಒಂದು ಡಬ್ಬಿ ಹಳದಿ ಕೇಕ್ ಮಿಕ್ಸ್, 113 ಗ್ರಾಂ ಕರಗಿಸಿದ ಬೆಣ್ಣೆ, ಒಂದು ಮೊಟ್ಟೆ. ಮೇಲ್ಪದರಕ್ಕೆ 226 ಗ್ರಾಂ ಕ್ರೀಮ್ ಚೀಸ್, 2 ಮೊಟ್ಟೆ, ಇನ್ನೊಂದು 113 ಗ್ರಾಂ ಬೆಣ್ಣೆ, 454 ಗ್ರಾಂ ಪುಡಿ ಸಕ್ಕರೆ, ಸ್ವಲ್ಪ ವೆನಿಲಾ. 13 ಇಂಚು ಉದ್ದ, 9 ಇಂಚು ಅಗಲದ ಟ್ರೇ. ಸುಮಾರು 175 ಡಿಗ್ರಿ ಸೆಲ್ಸಿಯಸ್ ಶಾಖ. 40ರಿಂದ 50 ನಿಮಿಷ. ಮೇಲ್ಪದರದಲ್ಲಿ ಮೈದಾ ಒಂದು ಚಮಚವೂ ಇಲ್ಲ ಅನ್ನುವುದನ್ನು ಗಮನಿಸಿ. ಕಥೆ ಇರುವುದು ಅಲ್ಲೇ.

ಆ ಮೇಲ್ಪದರದಲ್ಲಿ ನೀರೆಷ್ಟಿದೆ, ಲೆಕ್ಕ ಹಾಕೋಣ. ನಾವು ಬೇರೆ ನೀರು ಹಾಕಿಲ್ಲ. ಆದರೆ ಕ್ರೀಮ್ ಚೀಸಿನ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ನೀರೇ. ಅಮೆರಿಕದ ನಿಯಮದ ಪ್ರಕಾರ ಅದರಲ್ಲಿ 55% ತನಕ ನೀರಿರಬಹುದು. ಅಂದರೆ ಸುಮಾರು 124 ಗ್ರಾಂ. ಮೊಟ್ಟೆಯ ಮುಕ್ಕಾಲು ಭಾಗ ನೀರು, ಎರಡರಿಂದ ಸುಮಾರು 75 ಗ್ರಾಂ. ಬೆಣ್ಣೆಯಲ್ಲೂ ಶೇಕಡ 16ರಷ್ಟು ನೀರಿದೆ, ಅದೊಂದು 18 ಗ್ರಾಂ. ಎಲ್ಲ ಕೂಡಿದರೆ 220 ಗ್ರಾಂ ಹತ್ತಿರ. ಸಕ್ಕರೆ? ಪುಡಿ ಸಕ್ಕರೆಯಲ್ಲಿ ಗಂಟು ಕಟ್ಟದಿರಲೆಂದು ಬೆರೆಸಿದ ಸ್ವಲ್ಪ ಕಾರ್ನ್‌ಫ್ಲೋರ್ ಕಳೆದರೆ ಸುಮಾರು 440 ಗ್ರಾಂ. ನೀರಿನ ಎರಡು ಪಟ್ಟು.

ಈ ಎರಡು ಪಟ್ಟು ಅನ್ನುವುದು ಸುಮ್ನೆ ಬಂದ ಸಂಖ್ಯೆಯಲ್ಲ. 20 ಡಿಗ್ರಿ ಶಾಖದಲ್ಲಿ 100 ಗ್ರಾಂ ನೀರು ಹೆಚ್ಚೆಂದರೆ ಸುಮಾರು 200 ಗ್ರಾಂ ಸಕ್ಕರೆ ಕರಗಿಸಿಕೊಳ್ಳುತ್ತದೆ. ಅಂದರೆ ಓವನ್ನಿಗೆ ಹೋಗುವ ಮೊದಲೇ ಈ ಮಿಶ್ರಣದ ನೀರು ಸಕ್ಕರೆಯಿಂದ ಭರ್ತಿಯಾಗಿದೆ. ಓವನ್ನಿನಲ್ಲಿ ಇನ್ನಷ್ಟು ನೀರು ಆವಿಯಾಗಿ ಹೋದಂತೆ ಅದು ನಮ್ಮ ಒಂದೆಳೆ ಪಾಕದ ಕಡೆಗೆ ಸರಿಯುತ್ತದೆ. ಬೆಣ್ಣೆ, ಚೀಸು, ಮೊಟ್ಟೆ ಬೆರೆತ ಪಾಕ. ತಣಿದ ಮೇಲೆ ಅದು ಯಾಕೆ ಸಕ್ಕರೆಯ ಹರಳಾಗಿ ಕೂರುವುದಿಲ್ಲ? ಪಾಕ ಹರಳು ಕಟ್ಟದಿರಲಿ ಅಂತ ಮನೆಯಲ್ಲಿ ನಿಂಬೆರಸ ಹಿಂಡುವುದಿದೆ. ಹುಳಿಗೆ ಸಕ್ಕರೆ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತವೆ. ಸಕ್ಕರೆಯ ಅಣುಗಳು ಸಾಲಾಗಿ ಜೋಡಿಸಿಕೊಳ್ಳಲು ಅವು ಬಿಡುವುದಿಲ್ಲ. ಇಲ್ಲಿ ಆ ಕೆಲಸವನ್ನು ಹಾಲಿನ ಮತ್ತು ಮೊಟ್ಟೆಯ ಪ್ರೋಟೀನ್, ಕೊಬ್ಬಿನ ಸಣ್ಣ ಹನಿಗಳು, ಚೀಸಿನಲ್ಲಿರುವ ಹಾಲಿನ ಸಕ್ಕರೆ ಲ್ಯಾಕ್ಟೋಸ್ ಎಲ್ಲ ಸೇರಿ ಮಾಡುತ್ತವೆ. ಬೇಕರಿಯ ಹಳೆಯ ವಿಧಾನದಲ್ಲಿ ಕಾರ್ನ್ ಸಿರಪ್ ಹಾಕುವುದೂ ಇದಕ್ಕೇ. ಅದರಲ್ಲಿ ಗ್ಲೂಕೋಸ್ ಇದೆ.

ಮೇಲ್ಮೈಯಲ್ಲಿ ಮಾತ್ರ ಬೇರೆಯೇ ಆಗುತ್ತದೆ. ಅಲ್ಲಿ ಬಿಸಿಗಾಳಿ ನೇರವಾಗಿ ತಾಗಿ ನೀರು ಬೇಗ ಹೋಗುತ್ತದೆ. ಸಕ್ಕರೆ ಮತ್ತು ಮೊಟ್ಟೆಯ ಪ್ರೋಟೀನ್ ಒಣಗಿ ತೆಳ್ಳಗೆ ಹೊರಪೊರೆ ಕಟ್ಟುತ್ತದೆ. ಚಾಕು ಇಟ್ಟರೆ ಅದು ಚಟ್ ಅಂತ ಬಿರಿಯುತ್ತದೆ, ಕೆಳಗೆ ಮೆತ್ತನೆಯ ಪದರ ಕಾಣುತ್ತದೆ. ಈ ಕೇಕಿನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಆ ಪೊರೆ.

ಈಗ ಮೊಟ್ಟೆಯ ವಿಷಯ. ಮೊಟ್ಟೆಯ ಪ್ರೋಟೀನು ತಣ್ಣಗಿರುವಾಗ ಮಡಚಿಕೊಂಡಿರುತ್ತದೆ. ಶಾಖ ತಾಗಿದರೆ ಮಡಿಕೆ ಬಿಚ್ಚಿ ಒಂದಕ್ಕೊಂದು ಹೆಣೆದುಕೊಳ್ಳುತ್ತದೆ. ನಾವು ಬೇಯುವುದು ಅನ್ನುವುದು ಇದನ್ನೇ. ಬರೀ ಮೊಟ್ಟೆಯಾದರೆ 60 ಡಿಗ್ರಿ ದಾಟುತ್ತಿದ್ದಂತೆ ಶುರುವಾಗಿ 70ರ ಆಸುಪಾಸಿಗೆ ಗಟ್ಟಿಯಾಗುತ್ತದೆ. ಸುತ್ತ ದಟ್ಟ ಸಕ್ಕರೆ ನೀರಿದ್ದರೆ ಮಡಿಕೆ ಅಷ್ಟು ಸುಲಭಕ್ಕೆ ಬಿಚ್ಚುವುದಿಲ್ಲ. ಇನ್ನೂ ಜಾಸ್ತಿ ಶಾಖ ಬೇಕಾಗುತ್ತದೆ. ಮೈದಾದ ಪಿಷ್ಟವೂ ಹಾಗೆಯೇ. ಬರೀ ನೀರಿನಲ್ಲಿ ಅದು 60 ಡಿಗ್ರಿ ಹೊತ್ತಿಗೆ ಉಬ್ಬಿ ಗಂಜಿಯಾಗುತ್ತದೆ. ಸಕ್ಕರೆ ದಟ್ಟವಾಗಿದ್ದರೆ ಉಬ್ಬಲು 80, 90 ಡಿಗ್ರಿ ಬೇಕಾಗುತ್ತದೆ.

ಈ ಕೇಕಿನ ಧೈರ್ಯ ಇರುವುದು ಇಲ್ಲೇ. ಸಾಲ್ಮೊನೆಲ್ಲಾದಂಥ ರೋಗಾಣುಗಳ ಭಯ ಇರಬಾರದು ಅಂದರೆ ಮೊಟ್ಟೆ ಹಾಕಿದ ತಿಂಡಿಯ ನಡುಭಾಗ 71 ಡಿಗ್ರಿ ಮುಟ್ಟಬೇಕು ಅಂತ ಅಮೆರಿಕದ ಆಹಾರ ಸುರಕ್ಷತೆಯ ಸಲಹೆ. ಸಕ್ಕರೆಯಿಂದಾಗಿ ಈ ಪದರ ಬಿಗಿಯಾಗುವ ಮಟ್ಟ ಆ ಗೆರೆಗಿಂತ ಮೇಲಿದೆ. ಅಂದರೆ 71 ದಾಟಿಯೂ ಗಟ್ಟಿಯಾಗದೆ ಉಳಿಯಲು ಜಾಗ ಇದೆ. ಕಣ್ಣಳತೆಗೆ ಬಿಡದೆ ತನಿಖೆ ಮಾಡುವುದಾದರೆ ಅಡುಗೆ ಥರ್ಮಾಮೀಟರ್ ಇಟ್ಟು ನೋಡಿ. ಕಡ್ಡಿಗಿಂತ ಅದು ಎಷ್ಟೋ ವಾಸಿ.

ಓವನ್ನಿನಿಂದ ತೆಗೆದ ತಕ್ಷಣ ತುಳುಕುವುದಕ್ಕೆ ಇನ್ನೊಂದು ಕಾರಣವಿದೆ. ದಟ್ಟ ಸಕ್ಕರೆ ನೀರು 80 ಡಿಗ್ರಿಯಲ್ಲಿ ಹರಿದಷ್ಟು ಸಲೀಸಾಗಿ 20 ಡಿಗ್ರಿಯಲ್ಲಿ ಹರಿಯುವುದಿಲ್ಲ. ತಣಿದಾಗ ಹತ್ತು ಪಟ್ಟಿಗಿಂತ ಜಾಸ್ತಿ ಮಂದವಾಗುತ್ತದೆ. ಬೆಣ್ಣೆಯ ಕೊಬ್ಬು ಕೂಡ 35 ಡಿಗ್ರಿಯ ಕೆಳಗೆ ಇಳಿದ ಮೇಲೆಯೇ ಹೆಪ್ಪುಗಟ್ಟಲು ಶುರು. ಹಾಗಾಗಿ ಬಾರ್‌ಗಳನ್ನು ಪೂರ್ತಿ ತಣಿಸಿ, ಸಾಧ್ಯವಾದರೆ ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಕತ್ತರಿಸಬೇಕು. ಬಿಸಿಬಿಸಿ ಕತ್ತರಿಸಿ, ಹರಿದು ಹೋದದ್ದನ್ನು ನೋಡಿ ಬೇಯಲಿಲ್ಲ ಅಂತ ತೀರ್ಮಾನಿಸುವುದು ಅನ್ಯಾಯ.

ಕೆಳಪದರಕ್ಕೆ ಕೇಕ್ ಮಿಕ್ಸ್ ಇಷ್ಟು ಚೆನ್ನಾಗಿ ಹೊಂದುವುದು ಯಾಕೆ? ಡಬ್ಬಿ ತಿರುಗಿಸಿ ಪದಾರ್ಥಗಳ ಪಟ್ಟಿ ಓದಿ. ತೂಕದಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರಬೇಕು. ಅಮೆರಿಕದ ಹಳದಿ ಕೇಕ್ ಮಿಕ್ಸುಗಳಲ್ಲಿ ಮೊದಲು ಕಾಣುವುದು ಸಾಮಾನ್ಯವಾಗಿ ಸಕ್ಕರೆ. ಮೈದಾ ಎರಡನೆಯದು. ಅಷ್ಟು ಸಕ್ಕರೆ ಹೊತ್ತ ಕೇಕು ಕುಸಿಯದಿರಲಿ ಅಂತ ಅಲ್ಲಿನ ಮೈದಾವನ್ನು ಕ್ಲೋರಿನ್ ಅನಿಲದಿಂದ ಹದ ಮಾಡುತ್ತಾರೆ. ಪಿಷ್ಟದ ಕಣಗಳ ಮೇಲ್ಮೈ ಬದಲಾಗಿ ಅವು ಕೊಬ್ಬನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತವೆ. ಯುರೋಪ್ ಒಕ್ಕೂಟದಲ್ಲಿ ಕ್ಲೋರಿನ್ನಿಗೆ ಅನುಮತಿ ಇಲ್ಲ. ಬದಲಿಗೆ ಹಿಟ್ಟನ್ನು ಬಿಸಿ ಮಾಡಿ ಹದಕ್ಕೆ ತರುವ ವಿಧಾನವಿದೆ. ಡಬ್ಬಿಯ ಮೇಲೆ ಬರೆದಂತೆ ಮಾಮೂಲಿ ಕೇಕ್ ಮಾಡುವಾಗ ಒಂದು ಕಪ್ ನೀರು, 3 ಮೊಟ್ಟೆ ಹಾಕುತ್ತೇವೆ. ಹೊರಗಿನಿಂದ ಸೇರುವ ನೀರು 350 ಗ್ರಾಂ ಹತ್ತಿರ. ಗೂಯಿ ಬಟರ್ ಕೇಕಿನ ಕೆಳಪದರಕ್ಕೆ ಸೇರುವುದು ಬರೀ 55 ಗ್ರಾಂ. ಅಷ್ಟು ನೀರಿನಲ್ಲಿ ಪಿಷ್ಟ ಉಬ್ಬಲಾರದು, ಮೈದಾದ ಪ್ರೋಟೀನ್ ಆದ ಗ್ಲುಟೆನ್ ಹೆಣೆಯಲಾರದು. ಅದಕ್ಕೇ ಸ್ಪಂಜಿನಂತೆ ಏಳುವ ಬದಲು ಅದೇ ಪುಡಿ ಒತ್ತಾದ, ಬೆಣ್ಣೆಬೆಣ್ಣೆಯಾದ ತಳವಾಗುತ್ತದೆ. ಮೇಲಿನ ಪಾಕ ತನ್ನ ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲವಾದ್ದರಿಂದ ತಳ ಹೆಚ್ಚು ನೆನೆಯುವುದೂ ಇಲ್ಲ.

ಕೇಕ್ ಮಿಕ್ಸಿನ ಬಗ್ಗೆ ಒಂದು ಜನಪ್ರಿಯ ಕಥೆಯನ್ನು ಇಲ್ಲೇ ಸರಿಪಡಿಸಬೇಕು. 1950ರ ದಶಕದಲ್ಲಿ ಬರೀ ನೀರು ಬೆರೆಸುವ ಮಿಕ್ಸು ಮಾರಾಟವಾಗಲಿಲ್ಲ, ಮನಶ್ಶಾಸ್ತ್ರಜ್ಞರು ಬಂದು ಮೊಟ್ಟೆ ಹಾಕುವ ಕೆಲಸ ಗೃಹಿಣಿಗೆ ಬಿಡಿ ಅಂದರು, ಅಲ್ಲಿಂದ ಮಿಕ್ಸು ಗೆದ್ದಿತು ಅಂತ ಬಹಳ ಕಡೆ ಬರೆಯುತ್ತಾರೆ. ಅದಕ್ಕೂ ಮೊದಲೇ ಪಿಟ್ಸ್‌ಬರ್ಗಿನ ಡಫ್ ಕಂಪನಿ ಈ ವಿಷಯ ಕಂಡುಕೊಂಡಿತ್ತು. ಅವರು ಕಾಕಂಬಿ ವ್ಯಾಪಾರದವರು. ಕಾಕಂಬಿಯನ್ನು ಹಿಟ್ಟಿನ ಜೊತೆ ಒಣಗಿಸಿ ಶುಂಠಿ ಕೇಕಿನ ಪುಡಿ ಮಾಡಿದ್ದಕ್ಕೆ ಜಾನ್ ಡಫ್ ಅವರಿಗೆ 1933ರಲ್ಲಿ ಪೇಟೆಂಟ್ ಸಿಕ್ಕಿತು. ಅದರಲ್ಲಿ ಮೊಟ್ಟೆಯೂ ಪುಡಿಯಾಗಿಯೇ ಇತ್ತು. 1935ರ ಪೇಟೆಂಟಿನಲ್ಲಿ ಅವರು ಮೊಟ್ಟೆಪುಡಿ ಕೈಬಿಟ್ಟರು. ಕೊಳ್ಳುವವರಿಗೆ ತಾಜಾ ಮೊಟ್ಟೆಯೇ ಇಷ್ಟ ಅಂತ ಅಲ್ಲೇ ಬರೆದಿದ್ದಾರೆ. ಮನಸ್ಸಿನ ಮಾತು ಹಾಗಿರಲಿ, ತಾಜಾ ಮೊಟ್ಟೆಯಲ್ಲಿ ಕೇಕ್ ನಿಜಕ್ಕೂ ಚೆನ್ನಾಗಿ ಬರುತ್ತದೆ.

ಇದೇ ಪದಾರ್ಥಗಳಿಂದ ಕುಕ್ಕಿ ಕೂಡ ಆಗುತ್ತದೆ. ಒಂದು ಡಬ್ಬಿ ಮಿಕ್ಸ್, 226 ಗ್ರಾಂ ಕ್ರೀಮ್ ಚೀಸ್, 113 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ವೆನಿಲಾ. ಎಲ್ಲ ಕಲಸಿ ಫ್ರಿಜ್ಜಿನಲ್ಲಿಟ್ಟು, ಉಂಡೆ ಕಟ್ಟಿ, ಪುಡಿ ಸಕ್ಕರೆಯಲ್ಲಿ ಹೊರಳಿಸಿ 10ರಿಂದ 12 ನಿಮಿಷ ಬೇಯಿಸುತ್ತಾರೆ. ತಣ್ಣಗಿರುವ ಕೊಬ್ಬು ನಿಧಾನಕ್ಕೆ ಕರಗುವುದರಿಂದ ಉಂಡೆ ಒಮ್ಮೆಲೇ ಹರಡಿಕೊಳ್ಳುವುದಿಲ್ಲ. ಹೊರಗೆ ಹತ್ತಿದ ಸಕ್ಕರೆ ಮೇಲ್ಮೈಯ ತೇವ ಎಳೆದುಕೊಂಡು ಒಣಗಿಸುತ್ತದೆ. ಒಳಗಿನ ಹಿಟ್ಟು ಆಮೇಲೆ ಉಬ್ಬುತ್ತದೆ. ಒಣಗಿದ ಚರ್ಮ ಹಿಗ್ಗಲಾರದೆ ಬಿರುಕು ಬಿಡುತ್ತದೆ. ಬಿಳಿ ಪುಡಿಯ ನಡುವೆ ಕಾಣುವ ಹಳದಿ ಗೆರೆಗಳು ಹೀಗೆ ಬಂದವು. ಪುಡಿ ತೆಳುವಾಗಿ ಹಚ್ಚಿದರೆ ತೇವಕ್ಕೆ ಕರಗಿ ಮಾಯವಾಗುತ್ತದೆ, ಜಿಪುಣತನ ಬೇಡ.

ಹಳೆಯ ಪಾಕವಿಧಾನ ನೋಡಿ ಮಾಡುವವರು ಒಂದು ವಿಷಯಕ್ಕೆ ಎಚ್ಚರ ವಹಿಸಬೇಕು. ಡಬ್ಬಿ ಚಿಕ್ಕದಾಗಿದೆ. ಹಿಂದೆ 18.25 ಔನ್ಸ್, ಅಂದರೆ ಸುಮಾರು 517 ಗ್ರಾಂ ಇರುತ್ತಿತ್ತು. ಆಮೇಲೆ 15.25 ಔನ್ಸಿಗೆ, 432 ಗ್ರಾಂಗೆ ಇಳಿಯಿತು. ಕೆಲವು ಕಂಪನಿಗಳದು ಈಗ ಇನ್ನೂ ಕಡಿಮೆ. ಬೆಣ್ಣೆಯ ಅಳತೆ ಮಾತ್ರ ಹಾಗೇ ಉಳಿದಿದೆ. 85 ಗ್ರಾಂ ಪುಡಿ ಕಡಿಮೆಯಾದರೆ ಕುಕ್ಕಿ ಹಪ್ಪಳದಂತೆ ಹರಡುತ್ತದೆ, ಬಾರಿನ ತಳ ಜಿಡ್ಡಾಗುತ್ತದೆ. ಡಬ್ಬಿ ಲೆಕ್ಕ ಬಿಟ್ಟು ಗ್ರಾಂ ಲೆಕ್ಕ ಹಿಡಿಯಿರಿ. ಕೊರತೆ ಬಿದ್ದಷ್ಟನ್ನು ಮೈದಾ, ಸಕ್ಕರೆ ಸೇರಿಸಿ ತುಂಬಬಹುದು. ನಮ್ಮ ಅಂಗಡಿಗಳಲ್ಲಿ ಎಗ್‌ಲೆಸ್ ಮಿಕ್ಸು ಸಿಗುತ್ತದೆ. ತಳಕ್ಕೆ ಅದನ್ನು ಬಳಸಬಹುದು, ಪ್ಯಾಕೆಟ್ಟಿನ ತೂಕ ನೋಡಿಕೊಂಡು. ಮೇಲ್ಪದರದಲ್ಲಿ ಮೊಟ್ಟೆಯನ್ನು ಸುಮ್ನೆ ಬಿಟ್ಟುಬಿಟ್ಟರೆ ಹಿಡಿದಿಡುವ ಪ್ರೋಟೀನೇ ಇಲ್ಲದೆ ಸೋರುತ್ತದೆ. ಅದಕ್ಕೆ ಬದಲಿ ಏನಾದರೂ ಬೇಕೇ ಬೇಕು.

ಬೆಂದ ಕೇಕಿನ ಬಗ್ಗೆ ಧೈರ್ಯ ಹೇಳಿದೆ. ಬೇಯದ ಹಿಟ್ಟಿಗೆ ಆ ಧೈರ್ಯ ಸಲ್ಲುವುದಿಲ್ಲ. ಕೇಕ್ ಮಿಕ್ಸಿನಲ್ಲಿರುವ ಮೈದಾ ಹಸಿ ಧಾನ್ಯದ ಪುಡಿ. ಹೊಲದಲ್ಲಿ ಸೇರಿಕೊಂಡ ರೋಗಾಣು ಒಣಪುಡಿಯಲ್ಲೂ ತಿಂಗಳುಗಟ್ಟಲೆ ಬದುಕಿರಬಲ್ಲದು. 2021ರಲ್ಲಿ ಅಮೆರಿಕದ 12 ರಾಜ್ಯಗಳಲ್ಲಿ 16 ಮಂದಿ ಇ. ಕೋಲಿ ಸೋಂಕಿಗೆ ಸಿಕ್ಕರು, ಹೆಚ್ಚಿನವರು ಮಕ್ಕಳು. ಹಸಿ ಕೇಕ್ ಮಿಕ್ಸ್ ತಿಂದದ್ದಕ್ಕೂ ಅದಕ್ಕೂ ನಂಟಿದೆ ಅಂತ ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಕಂಡುಕೊಂಡಿತು. ಕಲಸಿದ ಪಾತ್ರೆ ನೆಕ್ಕಲು ಮಕ್ಕಳು ಬಂದರೆ ಕೊಡಬೇಡಿ. ಬೆಂದು ತಣಿದ ಟ್ರೇಯ ಮೂಲೆಯ ತುಂಡು ಅವರಿಗಿರಲಿ, ಮೇಲಿನ ಪೊರೆ, ಕೆಳಗಿನ ಅಂಟು ಎರಡೂ ಅದರಲ್ಲಿ ಸಿಗುತ್ತವೆ. ಉಳಿದದ್ದನ್ನು ಮುಚ್ಚಿ ಫ್ರಿಜ್ಜಿನಲ್ಲಿಡಿ. ಸಕ್ಕರೆ ಎಷ್ಟೇ ಇದ್ದರೂ ಅದು ಹಾಲು, ಮೊಟ್ಟೆ ಹಾಕಿದ ತಿಂಡಿ.