ಚಾಣಕ್ಕೆ ಹದ್ದಿಗಿಂತ ಗಿಳಿಯೇ ಹತ್ತಿರ

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಬಯಲಿಗೆ ಚಳಿಗಾಲದಲ್ಲಿ ಕೆಸ್ಟ್ರೆಲ್ ಎಂಬ ಚಾಣ ಬರುತ್ತದೆ. ಗಾಳಿಗೆದುರಾಗಿ ರೆಕ್ಕೆ ಬಡಿಯುತ್ತ ನಿಂತಲ್ಲೇ ನಿಂತು, ಹುಲ್ಲಿನಲ್ಲಿ ಇಲಿಯೋ ಮಿಡತೆಯೋ ಅಲುಗಿದರೆ ಎರಗುತ್ತದೆ. ಇದರ ನೆಂಟರು ಯಾರೆಂದು ಕೇಳಿದರೆ ತೋಟಗಳಲ್ಲಿ ಓತಿಕ್ಯಾತ ಹಿಡಿಯುವ ಶಿಕ್ರವನ್ನೋ ಮೇಲೆ ಸುತ್ತುವ ಹದ್ದನ್ನೋ ತೋರಿಸುತ್ತೇವೆ. ದೇವರಾಯನದುರ್ಗದ ಕಾಡಿನ ಕೆಂದಲೆ ಗಿಳಿಯತ್ತ ಯಾರೂ ಬೆರಳು ಮಾಡುವುದಿಲ್ಲ. ವಂಶವಾಹಿಗಳು ಮಾತ್ರ ಗಿಳಿಯನ್ನೇ ತೋರಿಸುತ್ತಿವೆ.

ಇದು ಖಚಿತವಾಗಲು ಸುಮಾರು 250 ವರ್ಷ ಬೇಕಾಯಿತು. 1758ರಲ್ಲಿ ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ ಹದ್ದು, ಚಾಣ, ರಣಹದ್ದು, ಗೂಬೆಗಳನ್ನು ಒಂದೇ ಗಣದಲ್ಲಿಟ್ಟ. ಬೇಟೆಯನ್ನು ಮುಳ್ಳಿಗೆ ಚುಚ್ಚಿಡುವ ಕಳಿಂಗ ಹಕ್ಕಿಗೂ ಅಲ್ಲೇ ಜಾಗ! ಗಿಳಿ ಹೋದದ್ದು ಕಾಗೆ, ಮರಕುಟಿಗಗಳ ಸಾಲಿಗೆ. ಮುಂದೆ ಗೂಬೆಯೂ ಕಳಿಂಗವೂ ಆ ಗಣದಿಂದ ಹೊರಬಿದ್ದವು, ಚಾಣ ಉಳಿಯಿತು. 1990ರಲ್ಲಿ ಪಕ್ಷಿತಜ್ಞರಾದ ಸಿಬ್ಲಿ ಮತ್ತು ಆಲ್‌ಕ್ವಿಸ್ಟ್ ಡಿಎನ್‌ಎ ಹೋಲಿಸಿ ಹಕ್ಕಿಗಳ ವಂಶವೃಕ್ಷವನ್ನೇ ತಿದ್ದಿ ಬರೆದಾಗಲೂ ಅದು ಹದ್ದಿನ ಪಕ್ಕದಲ್ಲೇ ಇತ್ತು.

2006ರ ಒಂದು ಅಧ್ಯಯನ ಮೊದಲು ಅನುಮಾನ ಎಬ್ಬಿಸಿತು. 2008ರಲ್ಲಿ ಹ್ಯಾಕೆಟ್ ಮತ್ತು ಸಂಗಡಿಗರು 169 ಪ್ರಭೇದಗಳ 19 ಜೀನ್ ಭಾಗಗಳನ್ನು ಹೋಲಿಸಿದಾಗಲೂ ಚಾಣ ಹದ್ದಿನಿಂದ ದೂರ ಸರಿದು ಗಿಳಿ ಮತ್ತು ಗುಬ್ಬಚ್ಚಿ-ಕಾಗೆಗಳ ಕೊಂಬೆಗೆ ಬಂತು. ನಂಬದವರಿದ್ದರು. 2014ರಲ್ಲಿ 48 ಹಕ್ಕಿಗಳ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿದಾಗಲೂ ಅದೇ ಉತ್ತರ. ಅಷ್ಟರಲ್ಲಿ, 2012ರಲ್ಲೇ, ಅಮೆರಿಕದ ಪಕ್ಷಿತಜ್ಞರ ಸಂಘ ತನ್ನ ಪಟ್ಟಿಯಲ್ಲಿ ಚಾಣಗಳನ್ನು ಗಿಳಿಗಳ ಪಕ್ಕಕ್ಕೆ ತಂದಾಗಿತ್ತು.

ಸುಳಿವುಗಳು ಮೈಮೇಲೇ ಇದ್ದವು. ಹದ್ದು, ಶಿಕ್ರಗಳು ಉಗುರಿನಿಂದ ಅದುಮಿ ಕೊಲ್ಲುತ್ತವೆ. ಚಾಣ ಕಾಲಿನಲ್ಲಿ ಹಿಡಿದರೂ ಕೊಲ್ಲುವುದು ಕತ್ತು ಕಚ್ಚಿ. ಅದಕ್ಕೆಂದೇ ಮೇಲ್ಗೊಕ್ಕಿನಲ್ಲಿ ಹಲ್ಲಿನಂಥ ಮೊನೆ ಇದೆ. ಹದ್ದುಗಳು ರೆಕ್ಕೆಯ ದೊಡ್ಡ ಗರಿಗಳನ್ನು ಒಳಗಿನಿಂದ ಹೊರಕ್ಕೆ ಸಾಲಾಗಿ ಉದುರಿಸುತ್ತವೆ. ಚಾಣವೂ ಗಿಳಿಯೂ ನಡುವಿನಿಂದ ಶುರುಮಾಡಿ ಎರಡೂ ಕಡೆಗೆ ಸಾಗುತ್ತವೆ. ನನಗೆ ಇದೇ ಹೆಚ್ಚು ಬೆಲೆಯ ಸಾಕ್ಷಿ: ಗರಿ ಉದುರುವ ಕ್ರಮಕ್ಕೂ ಬೇಟೆಯ ಕಸುಬಿಗೂ ಅಷ್ಟಾಗಿ ಸಂಬಂಧವಿಲ್ಲ. ಕೊಕ್ಕು, ಉಗುರುಗಳನ್ನು ಆ ಕಸುಬೇ ಹದ್ದು, ಚಾಣಗಳ ವಂಶಗಳೆರಡರಲ್ಲೂ ಪ್ರತ್ಯೇಕವಾಗಿ, ಒಂದೇ ಬಗೆಯಲ್ಲಿ ರೂಪಿಸಿತು.

ದಕ್ಷಿಣ ಅಮೆರಿಕದ ಮಳೆಕಾಡಿನ ಕೆಂಗೊರಳ ಕ್ಯಾರಕಾರ ಕಂಡಿದ್ದರೆ ಈ ನೆಂಟಸ್ತಿಕೆ ಅಷ್ಟು ವಿಚಿತ್ರ ಅನಿಸುತ್ತಿರಲಿಲ್ಲ. ಚಾಣದ ಕುಟುಂಬದ್ದೇ ಆದ ಇದು ಗುಂಪುಕಟ್ಟಿ ಕಿರುಚಾಡುತ್ತ ತಿರುಗುತ್ತದೆ, ಕಣಜದ ಗೂಡು ಒಡೆದು ಮರಿಹುಳು ತಿನ್ನುತ್ತದೆ, ಹಣ್ಣನ್ನೂ ಬಿಡುವುದಿಲ್ಲ.

ಹಾಗಾದರೆ ಹಿರಿಯರ ದಾರಿ ಬಿಟ್ಟದ್ದು ಯಾರು, ಚಾಣವೋ ಗಿಳಿಯೋ? ಈ ಕೊಂಬೆಯಲ್ಲಿ ಮೊದಲು ಕವಲೊಡೆದದ್ದು ಸೀರಿಮಾ, ನೆಲದ ಮೇಲೆ ಓಡಿ ಬೇಟೆಯಾಡುವ ಹಕ್ಕಿ. ಆಮೇಲೆ ಚಾಣ, ನಂತರ ಗಿಳಿ ಮತ್ತು ಗುಬ್ಬಚ್ಚಿಗಳು. ಇವೆಲ್ಲದರ ಮೂಲಪೂರ್ವಜ ಮಾಂಸಾಹಾರಿ ಬೇಟೆಗಾರನೇ ಇದ್ದಿರಬೇಕು ಎಂಬುದು 2014ರ ತಂಡದ ಊಹೆ. ಅದು ನಿಜವಾದರೆ ಮಾಂಸ ಬಿಟ್ಟು ಹಣ್ಣು-ಬೀಜ ಹಿಡಿದದ್ದು ಗಿಳಿ. ನ್ಯೂಜಿಲೆಂಡಿನ ಕಿಯಾ ಎಂಬ ಗಿಳಿ ಬದುಕಿರುವ ಕುರಿಯ ಬೆನ್ನು ಕುಕ್ಕಿ ಕೊಬ್ಬು ತಿನ್ನುವುದುಂಟು. ಅದನ್ನು ಅಜ್ಜನ ಕಾಲದ ಚಟ ಎನ್ನಲು ಬರುವುದಿಲ್ಲ. ಆ ದ್ವೀಪಕ್ಕೆ ಕುರಿ ತಂದವರು ಯುರೋಪಿನ ವಲಸಿಗರು.