ರಸ್ಟ್-ಅನಲೈಸರ್ ಟೆಸ್ಟ್‌ಗಳು: ಮರುಲೆಕ್ಕ ನಡೆಯಲಿಲ್ಲ ಅಂತ ಪರೀಕ್ಷಿಸುವುದು ಹೇಗೆ?

ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಡ್ ಬರೆಯುವಾಗ ಎಡಿಟರ್‌ನಲ್ಲಿ ಟೈಪ್ (ಮೌಲ್ಯ ಯಾವ ಬಗೆಯದು ಎಂಬುದು), ತಪ್ಪು, ಸಲಹೆ ತೋರಿಸುವುದು ರಸ್ಟ್-ಅನಲೈಸರ್. ಅದರೊಳಗೆ ಪದರಗಳಿವೆ. ಕೆಳಗೆ ಕೋಡ್‌ನ ಪಠ್ಯ ಓದಿ ಅದರ ರಚನೆ ಬಿಡಿಸುವ ಪಾರ್ಸರ್. ಅದರ ಮೇಲೆ ಹೆಸರು ಮತ್ತು ಟೈಪ್ ಲೆಕ್ಕ ಹಾಕುವ ಎಚ್‌ಐಆರ್. ಅದರ ಮೇಲೆ ಎಡಿಟರ್‌ಗೆ ಬೇಕಾದ ಸೌಲಭ್ಯಗಳ ಐಡಿಇ ಪದರ. ತುದಿಯಲ್ಲಿ ಎಡಿಟರ್ ಜೊತೆ ಮಾತಾಡುವ ಸರ್ವರ್.

ಸರ್ವರ್ ಮಟ್ಟದ ಟೆಸ್ಟ್ ನಿಧಾನ, ಅದಕ್ಕೇ ಅವು ಕಡಿಮೆ. ಜಾಸ್ತಿ ಟೆಸ್ಟ್‌ಗಳು ಒಳಗಿನ ಪದರಗಳಲ್ಲಿವೆ.

ಈ ಟೆಸ್ಟ್‌ಗಳಿಗೆ ಇನ್‌ಪುಟ್ ಅಂದರೆ ಒಂದು ಸ್ಟ್ರಿಂಗ್ (ಪಠ್ಯ), ಅದರೊಳಗೆ ರಸ್ಟ್ ಕೋಡ್. ಕರ್ಸರ್ ಇರುವಲ್ಲಿ $0 ಅಂತ ಬರೆಯುತ್ತಾರೆ. ಬರಬೇಕಾದ ಉತ್ತರವೂ ಪಠ್ಯವೇ. ಎರಡನ್ನೂ 'ಚೆಕ್' ಎಂಬ ಫಂಕ್ಷನ್‌ಗೆ ಕೊಡುತ್ತಾರೆ. ನಾಳೆ ಒಳಗಿನ ಎಪಿಐ, ಅಂದರೆ ಫಂಕ್ಷನ್‌ಗಳನ್ನು ಕರೆಯುವ ರೀತಿ, ಬದಲಾದರೆ ಆ ಚೆಕ್ ತಿದ್ದಿದರೆ ಸಾಕು, ಟೆಸ್ಟ್‌ಗಳನ್ನು ಮುಟ್ಟಬೇಕಿಲ್ಲ. ನನಗೆ ತುಂಬಾ ಹಿಡಿಸಿದ ಉಪಾಯ ಇದು. ವೇಗಕ್ಕಾಗಿ ಸ್ಟ್ಯಾಂಡರ್ಡ್ ಲೈಬ್ರರಿಯನ್ನೂ ಲೋಡ್ ಮಾಡುವುದಿಲ್ಲ. ಬೇಕಾದ ತುಣುಕನ್ನು ಮಾತ್ರ 'ಮಿನಿಕೋರ್' ಎಂಬ ಅದರ ಪುಟ್ಟ ಬದಲಿಯಿಂದ ತೆಗೆದುಕೊಳ್ಳುತ್ತಾರೆ.

ಈಗ ನನಗೆ ಹೊತ್ತು ಹಿಡಿದ ಭಾಗ. ನಾವು ಒಂದು ಅಕ್ಷರ ಒತ್ತಿದಾಗಲೆಲ್ಲ ಎಲ್ಲವನ್ನೂ ಮತ್ತೆ ಲೆಕ್ಕ ಹಾಕಿದರೆ ಎಡಿಟರ್ ತಡವರಿಸುತ್ತದೆ. ಹಾಗಾಗಿ 'ಸಾಲ್ಸಾ' ಎಂಬ ಲೈಬ್ರರಿ ಹಳೆಯ ಉತ್ತರಗಳನ್ನು ಇಟ್ಟುಕೊಂಡು, ಬದಲಾದದ್ದಕ್ಕೆ ಸಂಬಂಧಿಸಿದ್ದನ್ನು ಮಾತ್ರ ಮತ್ತೆ ಓಡಿಸುತ್ತದೆ. ಸರಿ, ಒಂದು ಲೆಕ್ಕ ಮತ್ತೆ ನಡೆಯಲಿಲ್ಲ ಅಂತ ಟೆಸ್ಟ್ ಬರೆಯುವುದು ಹೇಗೆ? ಉತ್ತರ ನೋಡಿದರೆ ಗೊತ್ತಾಗಲ್ಲ. ಮತ್ತೆ ಲೆಕ್ಕ ಹಾಕಿದರೂ ಅದೇ ಉತ್ತರ ಬರುತ್ತದೆ, ಅಲ್ವಾ?

ಅದಕ್ಕೆ ಟೆಸ್ಟ್ ನೋಡುವುದು ಯಾವ ಯಾವ ಲೆಕ್ಕ ಓಡಿತು ಎಂಬ ಪಟ್ಟಿಯನ್ನು. ಉದಾಹರಣೆಗೆ ಒಂದು ಫಂಕ್ಷನ್, ಒಳಗೆ 1 + 1 ಅಷ್ಟೇ. ಮೊದಲ ಸುತ್ತಿನಲ್ಲಿ ಟೈಪ್ ಕೇಳಿ, ಪಟ್ಟಿಯಲ್ಲಿ 'ಇನ್ಫರ್' (ಟೈಪ್ ಕಂಡುಹಿಡಿಯುವ ಲೆಕ್ಕ) ಇದೆ ಅಂತ ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಅದನ್ನೇ ಮೂರು ಸಾಲಿನಲ್ಲಿ ಒಡೆದು ಬರೆದು ಮತ್ತೆ ಕೇಳುತ್ತಾರೆ. ಈ ಸಲ 'ಇನ್ಫರ್' ಇರಬಾರದು.

ಮೊದಲ ಸುತ್ತಿನ ಖಚಿತತೆ ಯಾಕೆ ಬೇಕು? ನಾಳೆ ಯಾರೋ ಆ ಲೆಕ್ಕದ ಹೆಸರು ಬದಲಿಸಿದರು ಅಂದುಕೊಳ್ಳಿ. ಹಳೆಯ ಹೆಸರು ಎರಡನೇ ಪಟ್ಟಿಯಲ್ಲಿ ಹೇಗಿದ್ದರೂ ಇರಲ್ಲ. ಟೆಸ್ಟ್ ಏನನ್ನೂ ಪರೀಕ್ಷಿಸದೆ ಸುಮ್ನೆ ಪಾಸ್ ಆಗುತ್ತದೆ. ಮೊದಲ ಸುತ್ತು ಇದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. "ಇರಬಾರದು" ಅನ್ನುವ ಪ್ರತಿ ಟೆಸ್ಟ್‌ಗೂ ಮೊದಲು "ಇತ್ತು" ಅನ್ನುವ ಒಂದು ಸಾಲು ಬೇಕು.

ಇಷ್ಟಕ್ಕೂ 'ಇನ್ಫರ್' ಯಾಕೆ ಓಡಲ್ಲ? ಪಠ್ಯ ಬದಲಾಗಿದೆ, ಪಾರ್ಸರ್ ಓಡಲೇಬೇಕು. ಆದರೆ ಎಚ್‌ಐಆರ್‌ನಲ್ಲಿ ಫಂಕ್ಷನ್‌ನ ಒಡಲು ಎಷ್ಟನೇ ಅಕ್ಷರದಲ್ಲಿದೆ ಎಂಬ ಮಾಹಿತಿ ಇರುವುದಿಲ್ಲ. ಅದು ಬೇರೆ ನಕ್ಷೆಯಲ್ಲಿರುತ್ತದೆ. ಹೊಸ ಒಡಲು ಹಳೆಯದಕ್ಕೆ ಸಮ ಅಂತ ಕಂಡ ಕೂಡಲೇ ಸಾಲ್ಸಾ ಅಲ್ಲೇ ನಿಲ್ಲಿಸುತ್ತದೆ. ಯಾರಾದರೂ ಆ ಜಾಗದ ಮಾಹಿತಿಯನ್ನು ಒಡಲಿಗೇ ಸೇರಿಸಿದರೆ ಉತ್ತರ ನೋಡುವ ಟೆಸ್ಟ್‌ಗಳು ಪಾಸ್ ಆಗುತ್ತಲೇ ಇರಬಹುದು. ಹಿಡಿಯುವುದು ಈ ಟೆಸ್ಟ್. ಓದಬೇಕಿದ್ದರೆ ರಸ್ಟ್-ಅನಲೈಸರ್‌ನ ಎಚ್‌ಐಆರ್-ಟಿವೈ ಕ್ರೇಟ್‌ನ (ಕ್ರೇಟ್ ಅಂದರೆ ರಸ್ಟ್ ಕೋಡ್‌ನ ಒಂದು ಘಟಕ) ಟೆಸ್ಟ್ಸ್ ಫೋಲ್ಡರ್‌ನಲ್ಲಿ 'ಇನ್‌ಕ್ರಿಮೆಂಟಲ್' ಫೈಲ್ ತೆರೆಯಿರಿ.