ಬ್ರೆಜಿಲ್ ಮೊದಲಿನಿಂದಲೂ ಹಳದಿ ಜೆರ್ಸಿಯನ್ನೇ ತೊಡುತ್ತಿತ್ತೇ?

ಪ್ರಶ್ನೆ: ಹಳದಿ ಬಿಟ್ಟು ಬೇರೆ ಬಣ್ಣದಲ್ಲಿ ಬ್ರೆಜಿಲ್ ಫುಟ್‌ಬಾಲ್ ತಂಡವನ್ನು ಊಹಿಸುವುದೇ ಕಷ್ಟ. ಆ ಜೆರ್ಸಿ ಮೊದಲಿನಿಂದಲೂ ಇತ್ತೇ?

ಉತ್ತರ: ಇಲ್ಲ. 1950ರ ವಿಶ್ವಕಪ್‌ನಲ್ಲೂ ಅವರು ತೊಟ್ಟಿದ್ದು ನೀಲಿ ಕಾಲರಿನ ಬಿಳಿ ಅಂಗಿ. ಅದನ್ನು ಕಳಚಿಸಿದ್ದು ಒಂದು ಸೋಲು. ಆ ವರ್ಷ ಜುಲೈ 16ರಂದು ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಉರುಗ್ವೆ ಎದುರಿನ ಕೊನೆಯ ಪಂದ್ಯ ಡ್ರಾ ಆಗಿದ್ದರೂ ಕಪ್ ಬ್ರೆಜಿಲ್‌ಗೇ ಸಿಗುತ್ತಿತ್ತು. ಉರುಗ್ವೆ 2–1ರಿಂದ ಗೆದ್ದುಬಿಟ್ಟಿತು. ಜನರ ಸಿಟ್ಟು ಗೋಲ್‌ಕೀಪರ್ ಬಾರ್ಬೋಸಾ ಮೇಲೆ ತಿರುಗಿತು. 2000ದಲ್ಲಿ ತೀರಿಕೊಳ್ಳುವವರೆಗೂ ಆ ಕಳಂಕ ಅವರನ್ನು ಬಿಡಲಿಲ್ಲ. ಬಿಳಿ ಅಂಗಿಯೂ ಅಪಶಕುನವಾಯಿತು. ಎರಡೂ ಅನ್ಯಾಯವೇ. ಹಿಂದಿನ ವರ್ಷವಷ್ಟೇ ಅದೇ ಬಿಳಿಯಲ್ಲಿ ಅವರು ದಕ್ಷಿಣ ಅಮೆರಿಕದ ಚಾಂಪಿಯನ್ನರಾಗಿದ್ದರು.

1953ರಲ್ಲಿ ‘ಕೊರಿಯೊ ಡಾ ಮನ್ಯಾ’ ಪತ್ರಿಕೆ ಹೊಸ ಜೆರ್ಸಿಗಾಗಿ ಸ್ಪರ್ಧೆ ಏರ್ಪಡಿಸಿತು. ಧ್ವಜದ ನಾಲ್ಕೂ ಬಣ್ಣ ಇರಲೇಬೇಕೆಂಬುದು ಷರತ್ತು. ಗೆದ್ದವನು ಇಪ್ಪತ್ತೂ ತುಂಬದ ಆಲ್ಡಿರ್ ಗಾರ್ಸಿಯಾ ಶ್ಲೀ. ಹುಟ್ಟಿದ್ದು ಉರುಗ್ವೆ ಗಡಿಯಂಚಿನ ಊರಲ್ಲಿ, ಮನಸ್ಸಿಟ್ಟಿದ್ದೂ ಉರುಗ್ವೆ ತಂಡದ ಮೇಲೇ! ನಾಲ್ಕು ಬಣ್ಣವನ್ನೂ ಅಂಗಿಯ ಮೇಲೇ ತುಂಬಿದರೆ ಕಣ್ಣಿಗೆ ರಾಚುತ್ತದೆ. ಅವನು ಅಂಗಿಗೆ ಹಳದಿ, ಅದರ ಅಂಚಿಗೆ ಹಸಿರು, ಚಡ್ಡಿಗೆ ನೀಲಿ, ಕಾಲುಚೀಲಕ್ಕೆ ಬಿಳಿ ಕೊಟ್ಟ. ಜಾಣ್ಮೆ ಇರುವುದು ಈ ಹಂಚಿಕೆಯಲ್ಲೇ ಎಂಬುದು ನನ್ನ ಅನಿಸಿಕೆ: ಗ್ಯಾಲರಿಯ ಕೊನೆಯ ಸಾಲಿನವರಿಗೂ ಒಂದೇ ಬಣ್ಣ ಎದ್ದು ಕಾಣುತ್ತದೆ, ಉಳಿದವು ಅದಕ್ಕೆ ಒತ್ತಾಸೆಯಾಗುತ್ತವೆ.

ಹಾಗೆಂದು ಹಳದಿ ಬಂದ ಕೂಡಲೇ ಅದೃಷ್ಟವೇನೂ ಖುಲಾಯಿಸಲಿಲ್ಲ. 1954ರ ವಿಶ್ವಕಪ್‌ನಲ್ಲಿ ಹಂಗೆರಿ ಅವರನ್ನು 4–2ರಿಂದ ಮನೆಗೆ ಕಳುಹಿಸಿತು. 1958ರಲ್ಲಿ ಮೊದಲ ಕಪ್ ಗೆದ್ದಾಗ ಮೈಮೇಲೆ ಇದ್ದದ್ದು ನೀಲಿ! ಫೈನಲ್‌ನ ಎದುರಾಳಿ ಸ್ವೀಡನ್ನಿನದೂ ಹಳದಿಯೇ ಆಗಿದ್ದರಿಂದ ನೀಲಿ ಅಂಗಿ ಕೊಂಡು, ಲಾಂಛನ ಹೊಲಿದು ಆಡಬೇಕಾಯಿತು. ಬ್ರೆಜಿಲ್ ಕಾಯುವ ತಾಯಿಯೆಂದು ಕ್ಯಾಥೊಲಿಕರು ನಂಬುವ ಅಪರೆಸಿಡಾ ಮಾತೆಯ ಮೇಲುವಸ್ತ್ರವೂ ನೀಲಿಯೇ ಎಂದು ತಂಡದ ಮುಖ್ಯಸ್ಥ ಪೌಲೊ ಮಚಾಡೊ ಡಿ ಕರ್ವಾಲ್ಯೊ ಆಟಗಾರರಿಗೆ ಧೈರ್ಯ ತುಂಬಿದರಂತೆ. ಫಲಿತಾಂಶ 5–2.

ಹಳದಿಯನ್ನು ಜಗತ್ತಿನ ಕಣ್ಣಲ್ಲಿ ನಿಲ್ಲಿಸಿದ್ದು 1970ರ ಮೆಕ್ಸಿಕೊ ವಿಶ್ವಕಪ್. ಮೊದಲ ಬಾರಿಗೆ ಬಣ್ಣದಲ್ಲಿ ಪ್ರಸಾರವಾದ ಆ ಕೂಟದಲ್ಲಿ, ಹಸಿರು ಮೈದಾನದ ಮೇಲೆ ಪೆಲೆಯ ತಂಡದ ಆಟ ಹಳದಿಯಲ್ಲೇ ಜನರ ನೆನಪಿಗಿಳಿಯಿತು. ಇತ್ತೀಚಿನ ವರ್ಷಗಳಲ್ಲಿ ಬಲಪಂಥೀಯ ಮಾಜಿ ಅಧ್ಯಕ್ಷ ಬೊಲ್ಸೊನಾರೊ ಬೆಂಬಲಿಗರು ಅದನ್ನೇ ತೊಟ್ಟು ಬೀದಿಗಿಳಿದ ಮೇಲೆ, ಅವರ ರಾಜಕೀಯ ಒಪ್ಪದ ಎಷ್ಟೋ ಅಭಿಮಾನಿಗಳು ಹಳದಿ ತೊಡಲು ಹಿಂಜರಿದು ನೀಲಿಯತ್ತ ಹೊರಳಿದ್ದಾರೆ.